ದೊಡ್ಡವ್ವನ ಕಟ್ಟಿಸಿದ ಹಲ್ಲು

ಮೊನ್ನೆ ನನಗೂ ಹಲ್ಲು ಕಟ್ಟಿಸುವ ಗತಿ ಬಂತು. ಡಾಕ್ಟರು ಲವಂಗದೆಣ್ಣೆಯ ಹತ್ತಿಯನ್ನು ವಸಡಿಗೆ ಒತ್ತಿದ್ದೇ ತಡ, ಕಣ್ಣಲ್ಲಿ ನೀರು ಬಂತು. "ನೋವಾಯ್ತಾ?" ಎಂದರು. ನೋವೆಲ್ಲಿಯದು? ತಾಳವಾಡಿಯ ನಮ್ಮ ಪಕ್ಕದ ಮನೆಯ ದೊಡ್ಡವ್ವ ನೆನಪಾಗಿದ್ದಳು... ಅವಳ ಬಳಿ ಕೂತರೆ ಇದೇ ವಾಸನೆ.

ರಕ್ತಸಂಬಂಧವೇನಲ್ಲ. ನಾನು ಆ ಬೀದಿಗೆ ಸೊಸೆಯಾಗಿ ಹೋದಾಗಿನಿಂದ ಹಾಗೆ ಕರೆಯುತ್ತಿದ್ದೆ. ಎಪ್ಪತ್ತರ ದಶಕದ ಮಾತು. ಸುತ್ತ ಯಾರ ಮದುವೆಯಾದರೂ ಸೋಬಾನೆ ಪದಕ್ಕೆ ಅವಳೇ ಬೇಕು. ದೂರದ ತಾಳಮಲೆ ಊರಿನವರೂ ಬಂದು ಕರೆದೊಯ್ಯುತ್ತಿದ್ದರು. ಒಂದು ಬೆಳಿಗ್ಗೆ ಹಾಲು ಕರೆಯುವಾಗ ಹಸು ಒದ್ದು ಮುಂದಿನ ಎರಡು ಹಲ್ಲು ಹೋದವು. ಹಾಡಲು ಬಾಯಿ ತೆರೆದರೆ ಬರೀ ಗಾಳಿ. ಅವಳ ಅಣ್ಣ ಮೈಸೂರಿಗೆ ಕರೆದೊಯ್ದು, ಅಕ್ಕಪಕ್ಕದ ಹಲ್ಲುಗಳನ್ನು ಸವೆಸಿ ಸಣ್ಣ ಮಾಡಿಸಿ, ಅವುಗಳ ಆಸರೆಯಲ್ಲಿ ಹೊಸ ಹಲ್ಲು ಕಟ್ಟಿಸಿ ಕರೆತಂದ. ಪದ ಮತ್ತೆ ಬಂತು. ಅಬ್ಬಾ, ಅವಳ ಸಂಭ್ರಮ!

ಕಟ್ಟಿದ ಹಲ್ಲಿನ ಕೆಳಗೆ ದಿನಾ ದಾರ ಎಳೆದು ಸ್ವಚ್ಛ ಮಾಡಬೇಕು, ಸುತ್ತಲಿನ ವಸಡನ್ನು ಮೆತ್ತಗೆ ಉಜ್ಜಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇವಳೋ, ಮಿಕ್ಕ ಹಲ್ಲನ್ನೆಲ್ಲ ಇದ್ದಿಲಲ್ಲಿ ಗಸಗಸ ಉಜ್ಜಿ ಅವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ದಾರ ಎಳುದ್ರೆ ಕಿತ್ಕಂಡ್ ಬರಲ್ವಾ ಅಮ್ಮಿ? ನನ್ ಮಗ್ಳ ಮದ್ವೇಲಿ ಪದ ಯೋಳಗಂಟ ಇವು ಇರ್ಬೇಕು ಕಣಮ್ಮಿ."

ಇದ್ದದ್ದು ಒಬ್ಬಳೇ ಮಗಳು. ಊರವರ ಮಕ್ಕಳಿಗೆಲ್ಲ ಹಾಡಿದವಳು ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಹಾಡದೆ ಇರುವುದುಂಟೇ? ಅದಕ್ಕೇ ಆ ಜೋಪಾನ. ಬರಬರುತ್ತ ವಸಡು ಕೆಂಪಗೆ ಊದಿತು, ಉಗುಳಿದರೆ ರಕ್ತ. ಬಾಯಿ ನಾರುವುದನ್ನು ಲವಂಗ ಅಗಿದು ಮುಚ್ಚಿಟ್ಟಳು. ಬೈದೆ, ಗೋಗರೆದೆ. ಕಲ್ಲಿಗೆ ಹೇಳಿದ ಹಾಗಾಯಿತು.

ಮಗಳ ಮದುವೆಗೆ ಚಪ್ಪರ ಹಾಕುವ ಹೊತ್ತಿಗೆ ಕೀವು ಕಟ್ಟಿ ತುಟಿ ದಪ್ಪಗಾಯಿತು. ಎಳೆದುಕೊಂಡು ಹೋಗಿ ಚಾಮರಾಜನಗರದ ಬಸ್ಸು ಹತ್ತಿಸಿ ಜೊತೆಗೇ ಹೋದೆ. ಆಸರೆಯ ಹಲ್ಲುಗಳೇ ಬುಡ ಬಿಟ್ಟಿವೆ, ಈಗಲೇ ಎಲ್ಲ ತೆಗೆಯಬೇಕು ಎಂದರು ಅಲ್ಲಿಯ ಡಾಕ್ಟರು. ಮಹಾತಾಯಿ ಅವರ ಕಾಲು ಹಿಡಿದುಕೊಂಡಳು.

"ಮದ್ವೆ ಒಂದ್ ಕಳೀಲಿ ಸ್ವಾಮಿ. ಆಮೇಕೆ ಬೇಕಾರೆ ನನ್ ದವಡೇನೇ ಕಿತ್ಕಳಿ!"

ಅವರು ತಲೆ ಚಚ್ಚಿಕೊಂಡು ಮಾತ್ರೆ ಕೊಟ್ಟರು.

ಧಾರೆಯಾಯಿತು. ಹಸೆಮಣೆಯ ಮೇಲೆ ಕೂತ ಮಗಳ ಮುಂದೆ ದೊಡ್ಡವ್ವ ಪದ ಎತ್ತಿಕೊಂಡಳು. ಮೊದಲ ಸಾಲು ಮುಗಿಯಿತು... ಎರಡನೆಯದರ ನಡುವೆ ತಟ್ಟನೆ ನಿಲ್ಲಿಸಿ, ಬಾಯಿಗೆ ಸೆರಗು ತುರುಕಿಕೊಂಡು, ಮಗಳಿಗೆ ಬೆನ್ನು ಮಾಡಿ ಹಿತ್ತಲಿಗೆ ನಡೆದುಬಿಟ್ಟಳು. ಓಡಿಹೋಗಿ ನೋಡಿದರೆ ಅಂಗೈಯಲ್ಲಿ ಕಟ್ಟಿಸಿದ ಹಲ್ಲು, ಆಸರೆಯ ಹಲ್ಲುಗಳ ಸಮೇತ. ಸೆರಗೆಲ್ಲ ರಕ್ತ.

"ಯಾರ್ಗೂ ಯೋಳ್ಬ್ಯಾಡ ಅಮ್ಮಿ," ಎಂದು ತೊದಲಿದಳು. "ಧಾರೆ ದಿನ ರಕ್ತ ಬಿತ್ತು ಅಂದ್ರೆ ಬೀಗ್ರು ಅಪಶಕುನ ಅಂತಾರೆ. ನನ್ ಮಗ್ಳ ಬಾಳು ಆಳಾಗೋಯ್ತದೆ."

ಆಮೇಲೆ ಅವಳು ಯಾರ ಮದುವೆಗೂ ಹೋಗಲಿಲ್ಲ. ಉಳಿದ ಹಲ್ಲುಗಳೂ ಒಂದೊಂದಾಗಿ ಉದುರಿದವು. ಎಂಬತ್ತರ ದಶಕ ಮುಗಿಯುವ ಮೊದಲೇ ತೀರಿಕೊಂಡಳು.

ಈಚೆಗೆ ಅವಳ ಮಗಳು ಹಾಸನೂರಿನಿಂದ ನನ್ನನ್ನು ನೋಡಲು ಬಂದಿದ್ದಳು. ಅವಳ ತಲೆಯೂ ನರೆತಿದೆ. ಅವ್ವನ ಮಾತು ಬಂದಾಗ ಮೆಲ್ಲಗೆ ಕೇಳಿದಳು: "ಅಕ್ಕ, ಆವತ್ತು ಅವ್ವ ನನ್ ಮ್ಯಾಲೆ ಯಾಕೆ ಮುನಿಸ್ಕಂಡು ಎದ್ದೋದ್ಲು?"

ಅಯ್ಯೋ ಶಿವನೇ! ಇಷ್ಟು ವರ್ಷ ಹಾಗೇ ತಿಳಿದಿದ್ದಳಂತೆ. ಕೇಳಿದಾಗಲೆಲ್ಲ ಅವ್ವ ಮಾತು ಮರೆಸಿಬಿಡುತ್ತಿದ್ದಳಂತೆ. ಹಲ್ಲು ಎಲ್ಲಿ ಎಂದರೆ, ಮದುವೆ ಕಳೆದ ಮೇಲೆ ಡಾಕ್ಟರು ಕಿತ್ತರು ಎನ್ನುತ್ತಿದ್ದಳಂತೆ. ಇನ್ನು ಯಾವ ಬೀಗರ ಭಯ? ನಡೆದದ್ದನ್ನೆಲ್ಲ ಹೇಳಿದೆ. ಹೇಳಿ ಏನು ಬಂತು, ಹೋದವಳು ಬರುತ್ತಾಳೆಯೇ...

ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಆ ಪದದಲ್ಲಿ ಮುಂದುಕ್ಕೆ ಏನಿತ್ತು, ನೀನಾದ್ರೂ ಯೋಳಕ್ಕ" ಎಂದಳು.

ನನಗೆ ಗೊತ್ತಿರಲಿಲ್ಲ. ಆ ಪದ ದೊಡ್ಡವ್ವನೊಬ್ಬಳಿಗೇ ಬರುತ್ತಿತ್ತು.