ಯಾಸ್ಮಿನ್ ಅಂಗಡಿಯ ಬೇರೆ ತಳಿ

ಮಂಡ್ಯದ ಕಡೆಯಿಂದ ಸೊಸೆಯಾಗಿ ಬಂದ ಯಾಸ್ಮಿನ್, ಮದ್ದೂರಿನ ಬಸ್ ಸ್ಟಾಂಡ್ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಾಗ ಪಕ್ಕದಲ್ಲೇ ಅಂಥದೇ ಅಂಗಡಿ ನಡೆಸುತ್ತಿದ್ದ ಶಿವರಾಮುಗೆ ಆಡಿಕೊಳ್ಳಲು ಒಂದು ವಿಷಯ ಸಿಕ್ಕಿತು. ಬೀದಿಯ ಕಂಪ್ಯೂಟರುಗಳೆಲ್ಲ ವಿಂಡೋಸ್‌ನಲ್ಲಿ ನಡೆಯುತ್ತಿದ್ದರೆ, ಈಕೆಯ ಎರಡರಲ್ಲಿ ಒಂದು ಮಾತ್ರ ಲಿನಕ್ಸ್ ಎಂಬ ಬೇರೆಯದೇ ವ್ಯವಸ್ಥೆಯಲ್ಲಿ. ಯಾಕೆಂದು ಕೇಳಿದರೆ, "ನಮ್ ಅಬ್ಬಾ ಬತ್ತದ ತಳಿ ಮಾಡೋ ವಿ.ಸಿ. ಫಾರಂನಲ್ಲಿ ಟ್ರ್ಯಾಕ್ಟರ್ ಓಡುಸ್ತಿದ್ರು ಕಣಣ್ಣ. ಗದ್ದೆಗೆಲ್ಲಾ ಒಂದೇ ತಳಿ ಆಕ್ಬಾರ್ದು, ರೋಗ ಬಂದ್ರೆ ಒಟ್ಟಿಗೇ ಓಯ್ತದೆ ಅನ್ನೋರು," ಎನ್ನುವಳು. ಜೆರಾಕ್ಸ್ ಅಂಗಡಿಗೂ ಭತ್ತಕ್ಕೂ ಎಲ್ಲಿಯ ನಂಟು ಎಂದು ಶಿವರಾಮು ನಕ್ಕಿದ್ದೇ ನಕ್ಕಿದ್ದು.

ಮದುವೆ ಕಾಲ ಬಂತು. ಲಗ್ನಪತ್ರಿಕೆಗೆ ಹೊಸ ಕನ್ನಡ ಫಾಂಟು ಯಾರಿಗೆ ಸಿಕ್ಕರೂ ಪೆನ್‌ಡ್ರೈವ್‌ನಲ್ಲಿ ಬೀದಿಗೆಲ್ಲ ಹಂಚುವುದು ಅಲ್ಲಿನ ವಾಡಿಕೆ, ಹಬ್ಬದ ಒಬ್ಬಟ್ಟು ಹಂಚಿದ ಹಾಗೆ. ಈ ಸಲ ಹಂಚಿದವನು ಶಿವರಾಮು. ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡಿದ್ದ. ಯಾಸ್ಮಿನ್‌ಳ ವಿಂಡೋಸ್ ಕಂಪ್ಯೂಟರ್ ಅದನ್ನು ಹಾಕಿಕೊಂಡಿತು, ವಿಂಡೋಸ್‌ಗೆಂದೇ ಮಾಡಿದ್ದ ಆ ಫೈಲನ್ನು ಲಿನಕ್ಸಿನದು ತೆರೆಯಲೇ ಇಲ್ಲ.

"ಒಂದ್ ಫಾಂಟು ತಗಳಕ್ಕೂ ಬರಕಿಲ್ವಲ್ಲಮ್ಮ ಇದ್ಕೆ," ಎಂದು ಶಿವರಾಮು ಆಗಲೂ ನಕ್ಕ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ದಿನ, ಅವನ ಮಗಳು ಅಮೃತಳಿಗೆ ಸಿಕ್ಕಿದ್ದ ನರ್ಸಿಂಗ್ ಸೀಟನ್ನು ಅಂದು ಸಂಜೆಯೊಳಗೆ ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕಿತ್ತು, ಇಲ್ಲದಿದ್ದರೆ ಕೈತಪ್ಪುತ್ತಿತ್ತು. ಮೊಬೈಲಿನಲ್ಲಿ ಆ ಪುಟ ತೆರೆಯದು. ಅಂಗಡಿಯ ಕಂಪ್ಯೂಟರ್ ಹಾಕಿದರೆ ರಮ್ಮಿ ಆಟ, ಕೂದಲೆಣ್ಣೆ, ಸ್ಲಿಮ್ ಆಗುವ ಪುಡಿಯ ಜಾಹೀರಾತು ಒಂದರ ಮೇಲೊಂದು. ಒಂದನ್ನು ಮುಚ್ಚಿದರೆ ಇನ್ನೆರಡು. ಸೀಟಿನ ಪುಟಕ್ಕೆ ಹೋಗಲು ನೋಡಿದರೆ ಇನ್ನೆಲ್ಲಿಗೋ ಎಳೆದೊಯ್ಯುತ್ತಿತ್ತು. ಫಾಂಟಿನ ಬೆನ್ನಿಗೇ ಜಾಹೀರಾತಿನ ಪಿಡುಗೂ ಬಂದು ಕೂತಿತ್ತು. ಬೀದಿಯ ಯಾವ ಅಂಗಡಿಗೆ ಓಡಿದರೂ ಅದೇ ಕತೆ. ಎಲ್ಲರಿಗೂ ಹಂಚಿದ್ದು ತಾನೇ ಎಂಬುದು ಶಿವರಾಮುಗೆ ಆಗ ನೆನಪಾಯಿತು.

ಕೊನೆಗೆ ಮುಖ ಸಣ್ಣ ಮಾಡಿಕೊಂಡು, ಮಗಳನ್ನು ಕರೆದುಕೊಂಡು ಯಾಸ್ಮಿನ್ ಅಂಗಡಿಯ ಮೆಟ್ಟಿಲು ಹತ್ತಿದ. ಅವಳು ಕಾಯುತ್ತಿದ್ದವರಿಗೆ "ಚೂರು ತಡೀರಿ" ಎಂದು ಹೇಳಿ, ಲಿನಕ್ಸಿನ ಮುಂದೆ ಅಮೃತಳನ್ನು ಕೂರಿಸಿದಳು. ಪುಟ ತೆರೆಯಿತು, ಸೀಟು ಖಚಿತವಾಯಿತು. ರಸೀದಿ ಪ್ರಿಂಟಾಗಿ ಬರುವಾಗ ಶಿವರಾಮುವಿನ ಕಣ್ಣು ತುಂಬಿತ್ತು. ಇಷ್ಟು ದಿನ ಆಡಿಕೊಂಡವನಿಗೆ ಒಂದು ಕೊಂಕು ಮಾತಿಲ್ಲ, ಎಂಥ ಹೆಣ್ಣುಮಗಳಪ್ಪಾ ಎನ್ನಿಸಿತು.

"ನಾಳೀಕೆ ನನ್ ಅಂಗ್ಡಿ ಮೂರು ಕಂಪ್ಯೂಟರ್‌ಗೂ ಇದ್ನೇ ಆಕ್ಕೊಡು ಕಣಮ್ಮ," ಎಂದ.

"ಒಂದ್ಕೆ ಆಕ್ಕೊಡ್ತೀನಿ," ಎಂದಳು ಯಾಸ್ಮಿನ್. "ಮೂರ್ಕೂ ಆಕುದ್ರೆ ತಿರ್ಗಾ ಒಂದೇ ತಳಿ ಆಯ್ತದಲ್ಲಣ್ಣ. ಇದ್ಕೂ ಒಂದಿನ ರೋಗ ಬತ್ತದೆ."