ಬಾವನ ಏಳನೇ ಐರನ್

ಅಂಗಡಿಯಿಂದ ತಂದ ಪ್ಯಾಂಟನ್ನು ಕಾಲು ಕತ್ತರಿಸದೆ ತೊಡುವ ಭಾಗ್ಯ ನನಗೆ ಈ ಜನ್ಮದಲ್ಲಿ ಒದಗಿಲ್ಲ. ನನ್ನನ್ನು ರೂಪಿಸುವ ಹೊತ್ತಿಗೆ ಬ್ರಹ್ಮನಿಗೆ ಮಣ್ಣು ಸಾಲದೆ ಹೋಯಿತೇನೋ. ಅಂತೂ ಕಂಡ ಉದ್ದಗಳನ್ನೆಲ್ಲ ನನ್ನ ಅಳತೆಗೆ ಇಳಿಸಿಕೊಳ್ಳುವುದು ನನಗೆ ಹುಟ್ಟುಗುಣವೇ ಆಗಿಬಿಟ್ಟಿದೆ. ಕತ್ತರಿಸುವ ಮುನ್ನ ಅದು ಯಾರ ಉದ್ದವೆಂದು ಯೋಚಿಸಬೇಕೆಂಬುದು ಮಾತ್ರ, ಗೆಳೆಯರೇ, ಮೊನ್ನೆಯ ಭಾನುವಾರದವರೆಗೆ ನನಗೆ ಹೊಳೆದಿರಲಿಲ್ಲ.

ನನ್ನ ಬಾವ, ಅಂದರೆ ಅಕ್ಕನ ಗಂಡ, ಆರಡಿಯ ಆಳು. ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯಲ್ಲಿ ಹುಟ್ಟಿ, ಸೇಲಂನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿ, ಅಲ್ಲಿಯ ಅಧಿಕಾರಿಗಳ ಜೊತೆ ಗಾಲ್ಫ್ ಕಲಿತವರು. ಕಳೆದ ವರ್ಷ ಲಕ್ವ ಹೊಡೆದು ಬಲಗೈ ಸೋತಾಗ, ಚೆಂಡು ಹೊಡೆಯುವ, ಒಂದೊಂದಕ್ಕೂ ನಂಬರಿರುವ ತಮ್ಮ ಐರನ್ ಕೋಲುಗಳ ಚೀಲವನ್ನು ನನ್ನ ಕೈಗೊಪ್ಪಿಸಿ, "ಆಡ್ತಾ ಇರು ಲಾ, ತುಕ್ಕು ಇಡೀಬಾರ್ದು" ಎಂದರು. ಬಾವ ಕೊಟ್ಟದ್ದನ್ನು ಬೇಡವೆನ್ನುವ ರೂಢಿ ನಮ್ಮ ಮನೆಗಳಲ್ಲಿಲ್ಲ. ಅವರು ನೀನೇ ಇರಿಸಿಕೊ ಎಂದರೋ, ನಾನು ಬರುವವರೆಗೆ ಇಟ್ಟಿರು ಎಂದರೋ ಎಂದು ಕೇಳುವ ರೂಢಿಯೂ ಇಲ್ಲ.

ಐರನ್ನಿಗೂ ಆಳಿಗೂ ಜಾತಕ ಕೂಡಬೇಕು. ಬಾವನವು ತೆಳುತಲೆಯ, ಬಿಗಿಕೋಲಿನ ಐರನ್‌ಗಳು. ಬೀಸಿನಲ್ಲಿ ವೇಗವೂ ಪಳಗಿದ ಕೈಯೂ ಇದ್ದವರಿಗಷ್ಟೇ ಒಲಿಯುವಂಥವು. ಗಾಲ್ಫ್ ಸಾಮಾನಿನ ಅಂಗಡಿಯವರು ನನ್ನ ಎತ್ತರ ಅಳೆದು, ಬೀಸು ನೋಡಿ, "ನಿಮಗೆ ಅಗಲ ತಲೆಯವೇ ಸರಿ, ತಪ್ಪು ಬಿದ್ದರೂ ಕಾಪಾಡುತ್ತವೆ" ಎಂದರು. ಕಲಿಯುವವರ ಐರನ್ ಹಿಡಿದು ನಾಲ್ಕು ಜನರ ಮುಂದೆ ನಿಲ್ಲುವುದೇ? ಜುಟ್ಟಿಗೆ ಮಲ್ಲಿಗೆ ಹೂವೇ ಬೇಕಿತ್ತು ನನಗೆ. ಬಾವನ ಕೋಲುಗಳನ್ನೇ ಗಿಡ್ಡ ಮಾಡಿಸಿದೆ. ಹೇಗೂ ಅವರಿನ್ನು ಆಡುವುದಿಲ್ಲವಲ್ಲ ಎಂದುಕೊಂಡೆ. ಎಷ್ಟು ಸಲೀಸಾಗಿ ಅಂದುಕೊಂಡೆನೆಂದು ನೆನೆದರೆ ಈಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಭಾನುವಾರ ಬೆಳಿಗ್ಗೆ ನಾನು ಮೈದಾನದಲ್ಲಿದ್ದಾಗ ಹೇಳದೆ ಕೇಳದೆ ಬಾವ ಬಂದರು. ನಡಿಗೆ ನಿಧಾನ, ಮುಖದಲ್ಲಿ ಮಾತ್ರ ಮದುಮಗನ ಕಳೆ. ಬಲಗೈ ಬೆರಳುಗಳನ್ನು ನನ್ನೆದುರು ಮಡಚಿ ಬಿಚ್ಚಿ ತೋರಿಸಿದರು. "ಇಡಿಯಾಕೆ ಬತ್ತೈತೆ ಲಾ! ನಿಮ್ಮಕ್ಕಂಗೂ ಏಳಿಲ್ಲ. ಎಲ್ಲಿ, ನನ್ನ ಏಳನೇ ಐರನ್ ಕೊಡು, ಒಂದೇ ಏಟು."

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬೇರೆ ದಾರಿ ಕಾಣದೆ ಕೊಟ್ಟೆ. ಅವರು ಚೆಂಡಿನ ಮುಂದೆ ನಿಂತರು. ಕೋಲು ನೆಲ ಮುಟ್ಟಲಿಲ್ಲ. ಸೋತದ್ದು ತಮ್ಮ ಮೈಯೇ ಎಂದುಕೊಂಡು ಇನ್ನಷ್ಟು ಬಾಗಿದರು, ಕಾಲು ಸರಿಸಿದರು, ಮತ್ತೆ ಬಾಗಿದರು. ಆಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ತಮ್ಮ ಸೊಂಟಕ್ಕೆ ಹಿಡಿದು ನೋಡಿದರು. ಎಂಜಿನಿಯರರಿಗೆ ಅಳತೆ ತಿಳಿಯದೇ?

ಬೈಯುತ್ತಾರೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಮುಖದ ಕಳೆ ಇಳಿದುಹೋಗಿ, ದನಿ ತಗ್ಗಿಸಿ ಕೇಳಿದರು:

"ಡಾಕ್ಟ್ರು ನಿನ್ ಕೈಲಿ ಏನಾರಾ ಅಂದವ್ರಾ ಲಾ? ನಂಗೆ ಮಾತ್ರ ಮುಚ್ಚಿಟ್ಟಿದ್ದೀರಾ?"

ಡಾಕ್ಟರು ಏನೂ ಅಂದಿರಲಿಲ್ಲ. ಅವರಿಗೆ ಇನ್ನು ಗುಣವಿಲ್ಲವೆಂದು ಈ ಲೋಕದಲ್ಲಿ ತೀರ್ಮಾನಿಸಿದ್ದವನು ನಾನೊಬ್ಬನೇ. ಅದನ್ನು ನನ್ನ ಬಾಯಿಂದಲೇ ಅವರಿಗೆ ಹೇಳಬೇಕಾಯಿತು.