ಮೇಲಿನ 'ಸ'ದೊಳಗಿನ ಬಳೆ

ಅಣ್ಣನ ಕೀಬೋರ್ಡಿನಲ್ಲಿ ಒಂದು ಸದ್ದಿತ್ತು. ಒತ್ತಿದ ಕೂಡಲೇ ಗುಡಿಯ ಗಂಟೆ, ಆಮೇಲೆ ಕೊಳಲಿನ ಎಳೆ. ತೊಂಬತ್ತರ ದಶಕದಲ್ಲಿ ಯಾರೋ ಬಳಸಿ ಬಿಟ್ಟ ಡಿಜಿಟಲ್ ಕೀಬೋರ್ಡನ್ನು ಗುಬ್ಬಿಗೆ ತಂದು, ಅದರ ಸಣ್ಣ ಬಟನ್‌ಗಳನ್ನು ಒತ್ತಿ ಒತ್ತಿ ಅವನೇ ಕಟ್ಟಿಕೊಂಡ ಸದ್ದು. ಬೇರೆ ಯಾವ ಆರ್ಕೆಸ್ಟ್ರಾದವರ ಹತ್ತಿರವೂ ಅದಿರಲಿಲ್ಲ. ಮದುವೆ ಮನೆಯವರು ಗಂಟೆ ಕೊಳಲಿನವನೇ ಬೇಕು ಎಂದು ಕರೆಸುತ್ತಿದ್ದರು. ಅವನ ಸಂಸಾರ ನಡೆಯುತ್ತಿದ್ದದ್ದೇ ಅದರಿಂದ.

ನಾನು ಏಳನೇ ಕ್ಲಾಸಿಗೆ ಓದು ಬಿಟ್ಟವಳು. ಸಂಗೀತವೆಂದರೆ ಅಣ್ಣ ಹೇಳಿಕೊಟ್ಟ ಸರಿಗಮ ಅಷ್ಟೇ. ನನ್ನ ಗಂಡನದು ಶಿರಾ ಗೇಟ್‌ನಲ್ಲಿ ಒಂದೇ ರೂಮಿನ ರೆಕಾರ್ಡಿಂಗ್ ಅಂಗಡಿ. ಎರಡು ಸಾವಿರ ಇಸವಿ ಕಳೆದ ಮೇಲೆ ಅಲ್ಲಿಗೆ ಕಂಪ್ಯೂಟರ್ ಬಂತು. ಹಳೆಯ ಕೀಬೋರ್ಡಿನ ಒಂದೊಂದು ಕೀಯ ಸದ್ದನ್ನೂ ಹಿಡಿದು ಅದಕ್ಕೆ ತುಂಬಿದರೆ ಮತ್ತೆ ಕೀಬೋರ್ಡಿನ ಹಂಗೇ ಇಲ್ಲ. ಹಾಗೆ ತುಂಬಿದ ಸಿ.ಡಿ.ಗಳು ಅಗ್ಗಕ್ಕೆ ಸಿಗುತ್ತಿದ್ದವು. ಅಣ್ಣನ ಸದ್ದು ಮಾತ್ರ ಯಾವುದರಲ್ಲೂ ಇರಲಿಲ್ಲ.

ಒಂದು ಸಲ ನಮ್ಮೂರಿನ ಮದುವೆಯಲ್ಲಿ ನುಡಿಸಿ, ಅಲ್ಲಿಂದಲೇ ಕೊತ್ತಗೆರೆಗೆ ಬೀಗರೂಟಕ್ಕೆ ಹೊರಟ ಅಣ್ಣ, ಬಸ್ಸಿನ ಕುಲುಕಾಟಕ್ಕೆ ಹೆದರಿ ಕೀಬೋರ್ಡನ್ನು ನಮ್ಮ ಮನೆಯಲ್ಲಿಟ್ಟ. "ಯಾರ್ ಕೈಗೂ ಕೊಡ್ಬೇಡ ಕಣವ್ವ" ಅಂದ.

ಅವನು ಅತ್ತ ಹೋದ ಮೇಲೆ ಗಂಡ ಅದನ್ನು ಅಂಗಡಿಗೆ ಒಯ್ದರು. ಬೇಡ ಅನ್ನಲಿಲ್ಲ ನಾನು. ಕೀ ಒತ್ತಿದವಳೂ ನಾನೇ. ತಂತಿ ಕಂಪ್ಯೂಟರಿಗೆ ಹೊಂದದೆ ಸ್ಪೀಕರ್ ಮುಂದೆ ಮೈಕ್ ಇಟ್ಟಿದ್ದರು. ಒಂದು ಕೀ ಒತ್ತಿ, ಸದ್ದು ಪೂರ್ತಿ ಕರಗುವವರೆಗೆ ಉಸಿರು ಬಿಗಿಹಿಡಿಯಬೇಕು. ಬಳೆ ತೆಗೆದಿಡು ಅಂದರು. ಗಂಡ ಎದುರಿಗೇ ಕೂತಿರುವಾಗ ಬರಿಗೈಯಲ್ಲಿ ಹೇಗೆ ಕೂರಲಿ? ಬಳೆಗಳನ್ನು ಮೇಲಕ್ಕೆ ತಳ್ಳಿ ಕರ್ಚೀಫು ಬಿಗಿದೆ. ಮೇಲಿನ 'ಸ' ಒತ್ತಿದಾಗ ಗಂಟು ಸಡಿಲವಾಗಿ ಬಳೆಗಳು ಜಾರಿ ಘಲ್ಲೆಂದವು. ಇನ್ನೊಂದು ಸಲ ಹಿಡಿಯೋಣ ಅಂದೆ.

"ಗಂಟೆ ಸದ್ದಲ್ವೇನೇ, ಸೇರ್ಕೊಳ್ತದೆ ಬುಡು" ಅಂದರು. ಅಣ್ಣ ಬರುವ ಹೊತ್ತಾಗಿತ್ತು. ಮುಂದಿನ ಕೀ ಒತ್ತಿದೆ.

ನಮ್ಮ ಅಂಗಡಿಗೆ ಮಾತ್ರ ಎಂದಿದ್ದ ಸದ್ದು ಸಿ.ಡಿ.ಯಾಗಿ ಕೈಯಿಂದ ಕೈಗೆ ಹೋಯಿತು. ಅಣ್ಣನಿಗೆ ಕರೆ ಬರುವುದು ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು. ಕಾರಣ ತಿಳಿಯದೆ ಅವನು ಕೀಬೋರ್ಡನ್ನೇ ಬಿಚ್ಚಿ ಒರೆಸಿ ಜೋಡಿಸುತ್ತಿದ್ದ.

ಕುಣಿಗಲ್‌ನಲ್ಲಿ ನೆಂಟರ ಮದುವೆ. ಪಂಕ್ತಿಗೆ ಕಾಯುತ್ತಾ ಅಣ್ಣ ನನ್ನ ಪಕ್ಕ ಕೂತಿದ್ದ. ವೇದಿಕೆಯ ಮೇಲೆ ವಾದ್ಯದವನು ಲ್ಯಾಪ್‌ಟಾಪಿಗೆ ಆಟಿಕೆಯಂಥ ಕೀಬೋರ್ಡ್ ಸಿಕ್ಕಿಸಿ ಶುರುಮಾಡಿದ. ಮೊದಲ ಸ್ವರಕ್ಕೇ ಅಣ್ಣನ ಕತ್ತು ತಿರುಗಿತು.

"ಇದು ನಂದಲ್ವೇನೇ?"

ಈಗ ಎಲ್ಲರ ಹತ್ರಾನೂ ಇಂಥದೇ ಇರುತ್ತದಂತೆ ಅಂದೆ. ಹಾಡು 'ಪ' ಮುಟ್ಟಿ ಇಳಿಯಿತು. ಮತ್ತೆ ಏರಿ 'ನಿ'ಯಿಂದ ಇಳಿಯಿತು. ಏರಿದಾಗೆಲ್ಲ ನಾನು ಬಳೆಗಳನ್ನು ಒತ್ತಿ ಹಿಡಿಯುತ್ತಿದ್ದೆ. ಅಷ್ಟರಲ್ಲಿ ವಾದ್ಯದವನು ಮೇಲಿನ 'ಸ'ದ ಮೇಲೆ ನಿಂತುಬಿಟ್ಟ. ಗಂಟೆ, ಕೊಳಲು, ನಡುವೆ ಘಲ್.

ಅಣ್ಣ ವೇದಿಕೆಯನ್ನು ನೋಡಲಿಲ್ಲ, ನನ್ನ ಕೈ ನೋಡಿದ. ನಾನು ಸೆರಗು ಎಳೆದುಕೊಂಡೆ.

"ಒತ್ತಿದ್ದು ಯಾರು?"

"ಇವರು ಹೇಳಿದ್ರು ಅಂತ..." ಅಂದೆ. ಅವನು ಕೇಳಿದ್ದು ಅದನ್ನಲ್ಲ.

ಎದ್ದು ವೇದಿಕೆಯ ಹತ್ತಿರ ಹೋದ. "ಮೇಲಿನ ಸ ಮುಟ್ಬೇಡಪ್ಪ. ಅದ್ರೊಳಗೆ ನನ್ ತಂಗಿ ಬಳೆ ಐತೆ."

ವಾದ್ಯದವನು ಏನೋ ತಮಾಷೆ ಅಂದುಕೊಂಡು ನಕ್ಕು, ಅದನ್ನೇ ಮತ್ತೆ ಒತ್ತಿದ. ಅಣ್ಣ ಊಟಕ್ಕೆ ನಿಲ್ಲಲಿಲ್ಲ. ಆ ಸದ್ದಿನಿಂದ ನನ್ನ ಬಳೆಯನ್ನು ತೆಗೆಯಲು ಇವತ್ತಿಗೂ ಯಾರಿಗೂ ಆಗಿಲ್ಲ.